ಮಿಕ್ಕಿದ್ದನ್ನು ಮಿದುಳು ಬಿಡಿಸುತ್ತದೆ

ಮೊದಲು ಒಂದು ಸಣ್ಣ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳ ವೇಗದಲ್ಲಿ ಓಡುತ್ತದೆ. ಅಂದರೆ ತೊಂಬತ್ತು ನಿಮಿಷದ ಚಿತ್ರಕ್ಕೆ 1,29,600 ಫ್ರೇಮುಗಳು. ನಟರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವವರಿಗೆ ಈ ಸಂಖ್ಯೆಯ ಗೊಡವೆಯಿಲ್ಲ. ಗುಂಡಿ ಒತ್ತಿದರೆ ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಆದರೆ ಅಷ್ಟನ್ನೂ ಕೈಯಿಂದ ಬಿಡಿಸಬೇಕೆಂದರೆ? ಒಬ್ಬ ಕಲಾವಿದ ದಿನಕ್ಕೆ 20 ಚಿತ್ರದಂತೆ, ಒಂದು ದಿನವೂ ರಜೆ ಹಾಕದೆ ಕೂತರೂ ಹದಿನೇಳೂಮುಕ್ಕಾಲು ವರ್ಷ ಹಿಡಿಯುತ್ತದೆ.

1937ರಲ್ಲಿ 'ಸ್ನೋ ವೈಟ್' ತೆಗೆದ ವಾಲ್ಟ್ ಡಿಸ್ನಿ ಈ ಲೆಕ್ಕವನ್ನು ನೂರಾರು ಜನರನ್ನು ಕೂರಿಸಿ, ಸುಮಾರು 15 ಲಕ್ಷ ಡಾಲರ್ ಸುರಿದು ಬಗೆಹರಿಸಿದರು. ಅಷ್ಟು ಹಣ ಹೂಡಿದವರು ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರನ್ನೂ ಚಿತ್ರಮಂದಿರಕ್ಕೆ ಕರೆತರಲೇಬೇಕು. ಅನಿಮೇಶನ್ ಎಂದರೆ ಮಕ್ಕಳ ಸಿನಿಮಾ ಎಂಬ ನಂಬಿಕೆಯ ಬೇರು ಬಹುಮಟ್ಟಿಗೆ ಈ ಜಮಾಖರ್ಚಿನಲ್ಲೇ ಇದೆ. ಮರೆವು, ಮಾದಕ ವ್ಯಸನ, ಯುದ್ಧ, ಒಂಟಿತನ ಇಂಥ ವಿಷಯಗಳ ಮೇಲೆ ದೊಡ್ಡವರಿಗಾಗಿ ಅನಿಮೇಶನ್ ಮಾಡುತ್ತೇನೆಂದು ಹೊರಟವರಿಗೆ ಆ ಬಗೆಯ ಹಣ ಹುಟ್ಟಲಿಲ್ಲ. ಅವರು ಬೇರೆ ದಾರಿ ಹಿಡಿದರು. ಎಷ್ಟು ಬಿಡಿಸಬೇಕು ಎಂದು ಕೇಳುವುದನ್ನು ಬಿಟ್ಟು, ಎಷ್ಟನ್ನು ಬಿಡಿಸದೆ ಬಿಡಬಹುದು ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಇದ್ದದ್ದು ಮನೋವಿಜ್ಞಾನಿಗಳ ಪ್ರಯೋಗಶಾಲೆಗಳಲ್ಲಿ.

ಎರಡು ಗೆರೆ, ಒಂದು ಚಲನೆ

ಸಿನಿಮಾ ಯಾಕೆ ಚಲಿಸಿದಂತೆ ಕಾಣುತ್ತದೆ? ನಾವು ಶಾಲೆಯಲ್ಲಿ ಕಲಿತ ಉತ್ತರ ಹೀಗಿದೆ: ಅಕ್ಷಿಪಟಲದ ಮೇಲೆ ಬಿದ್ದ ಬಿಂಬ ತುಸು ಹೊತ್ತು ಉಳಿಯುತ್ತದೆ, ಅದು ಅಳಿಯುವ ಮೊದಲೇ ಮುಂದಿನದು ಬಂದು ಬೆಸೆದುಕೊಳ್ಳುತ್ತದೆ. ಕೇಳಲು ಸರಿಯೆನಿಸಿದರೂ ಈ ವಿವರಣೆ ನಿಲ್ಲುವುದಿಲ್ಲ. ಬಿಂಬಗಳು ನಿಜಕ್ಕೂ ಹಾಗೆ ಉಳಿದುಕೊಂಡರೆ ನಮಗೆ ಕಾಣಬೇಕಾದದ್ದು ಒಂದರ ಮೇಲೊಂದು ಬಿದ್ದ ಚಿತ್ರಗಳ ಕಲಸುಮೇಲೋಗರವೇ ಹೊರತು ನಡೆದು ಹೋಗುವ ಮನುಷ್ಯನಲ್ಲ.

1912ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮ್ಯಾಕ್ಸ್ ವರ್ದೈಮರ್ ಎಂಬ ಮನೋವಿಜ್ಞಾನಿ ತಮ್ಮ ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಒಂದು ಗೆರೆ ತೋರಿಸಿ ಮರೆಮಾಡುವುದು, ಸ್ವಲ್ಪ ಪಕ್ಕದಲ್ಲಿ ಇನ್ನೊಂದು ಗೆರೆ ತೋರಿಸುವುದು, ಇಷ್ಟೇ ಪ್ರಯೋಗ. ನಡುವಿನ ಬಿಡುವು ಸುಮಾರು 200 ಮಿಲಿಸೆಕೆಂಡು ಇದ್ದಾಗ ಒಂದಾದ ಮೇಲೊಂದು ಗೆರೆ ಕಂಡಿತು. ಬಿಡುವು 30 ಮಿಲಿಸೆಕೆಂಡಿಗೆ ಇಳಿದಾಗ ಎರಡೂ ಒಟ್ಟಿಗೆ ಕಂಡವು. ಇವೆರಡರ ಮಧ್ಯೆ, 60 ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ನೋಡುವವರಿಗೆ ಕಂಡದ್ದು ಒಂದೇ ಗೆರೆ. ಅದು ಆ ಬದಿಯಿಂದ ಈ ಬದಿಗೆ ಸರಿಯಿತು. ನಡುವಿನ ಜಾಗದಲ್ಲಿ ಯಾರೂ ಯಾವ ಗೆರೆಯನ್ನೂ ಎಳೆದಿರಲಿಲ್ಲ. ಎಳೆದದ್ದು ಮಿದುಳು.

ಚಲನೆ ಕಾಣುವುದಕ್ಕೆ ಮಿದುಳಿನಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದೆ. 1983ರಲ್ಲಿ ಜರ್ಮನಿಯ ಯೋಸೆಫ್ ತ್ಸಿಲ್ ಮತ್ತು ಸಂಗಡಿಗರು ವರದಿ ಮಾಡಿದ ಒಬ್ಬ ಮಹಿಳೆಗೆ ಮಿದುಳಿನ ಹಿಂಬದಿಯ ಎರಡೂ ಪಾರ್ಶ್ವಗಳಲ್ಲಿ ಹಾನಿಯಾಗಿತ್ತು. ಬಣ್ಣ ಕಾಣುತ್ತಿತ್ತು, ಆಕಾರ ಕಾಣುತ್ತಿತ್ತು, ಓದಲೂ ಬರುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಚಹಾ ಬಗ್ಗಿಸಿದರೆ ಅದರ ಧಾರೆ ಹೆಪ್ಪುಗಟ್ಟಿ ನಿಂತಂತೆ ತೋರುತ್ತಿತ್ತು, ಚಹಾ ಏರುತ್ತಿರುವುದು ಗೊತ್ತಾಗದೆ ಬಟ್ಟಲು ತುಂಬಿ ಹೊರಚೆಲ್ಲುತ್ತಿತ್ತು. ರಸ್ತೆಯಲ್ಲಿ ದೂರವಿದ್ದ ಕಾರು ಮರುಕ್ಷಣ ಎದುರಿಗೇ ಬಂದು ನಿಂತಿರುತ್ತಿತ್ತು. ಆಕೆಯ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಚಲನೆಯೆಂಬುದು ಮಿದುಳು ಲೆಕ್ಕ ಹಾಕಿ ಕಟ್ಟಿಕೊಡುವ ಸಂಗತಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹಾಗಾದರೆ 24 ಫ್ರೇಮು ಯಾಕೆ ಬೇಕು? 1920ರ ದಶಕದ ಕೊನೆಗೆ ಸಿನಿಮಾಕ್ಕೆ ಮಾತು ಬಂದಾಗ ಈ ವೇಗ ನಿಗದಿಯಾಯಿತು. ಅದೂ ಸಾಲದೆಂದು ಫಿಲ್ಮು ಪ್ರೊಜೆಕ್ಟರು ಒಂದೊಂದು ಫ್ರೇಮನ್ನು ಎರಡೆರಡು ಸಲ ಬೆಳಗಿಸಿ ಸೆಕೆಂಡಿಗೆ 48 ಮಿಣುಕು ಕೊಡುತ್ತದೆ. ಇಷ್ಟು ಮಿಣುಕು ಬೇಕಾಗುವುದು ತೆರೆ ಮಿಟುಕದಂತೆ ಕಾಣಲು. ಚಲನೆ ಕಾಣಲು ಅಷ್ಟು ಬೇಕಿಲ್ಲ. ಈ ಎರಡು ಅಗತ್ಯಗಳು ಬೇರೆ ಬೇರೆ, ಅನಿಮೇಶನ್‌ನವರ ಉಳಿತಾಯವೆಲ್ಲ ಇವೆರಡರ ನಡುವಿನ ಅಂತರದಲ್ಲಿದೆ. ಒಂದು ಚಿತ್ರವನ್ನು ಎರಡು ಫ್ರೇಮುಗಳಿಗೆ ಬಳಸುವುದು ಈ ಕಸುಬಿನಲ್ಲಿ ಮಾಮೂಲು. ಸೆಕೆಂಡಿಗೆ 12 ಚಿತ್ರ ಸಾಕಾಗುತ್ತದೆ. ನ್ಯೂಯಾರ್ಕಿನ ಬಿಲ್ ಪ್ಲಿಂಪ್ಟನ್ ಇನ್ನೂ ಮುಂದೆ ಹೋದರು. 1992ರ 'ದ ಟ್ಯೂನ್' ಚಿತ್ರಕ್ಕೆ ಅವರು ಒಬ್ಬರೇ ಕೂತು ಸುಮಾರು 30,000 ಚಿತ್ರ ಬಿಡಿಸಿದರು. ಎಪ್ಪತ್ತು ನಿಮಿಷದಷ್ಟು ಉದ್ದದ ಆ ಚಿತ್ರದಲ್ಲಿ ಸರಿಸುಮಾರು ಒಂದು ಲಕ್ಷ ಫ್ರೇಮುಗಳಿವೆ. ಭಾಗಿಸಿ ನೋಡಿ: ಒಂದೊಂದು ಚಿತ್ರ ಮೂರಕ್ಕೂ ಹೆಚ್ಚು ಫ್ರೇಮುಗಳ ಹೊತ್ತು ತೆರೆಯ ಮೇಲೆ ನಿಂತಿದೆ. ಚಲನೆ ಕೊಂಚ ಕುಪ್ಪಳಿಸುತ್ತದೆ, ಪೆನ್ಸಿಲ್ ಗೆರೆ ನಡುಗುತ್ತದೆ. ಅದೇ ಅವರ ಗುರುತಾಯಿತು.

ಚುಕ್ಕಿಗಳು ನಡೆದಾಗ

ಚಿತ್ರಗಳ ಸಂಖ್ಯೆ ಕಡಿಮೆಯಾದದ್ದಾಯಿತು. ಒಂದೊಂದು ಚಿತ್ರದಲ್ಲಿ ಎಷ್ಟಿರಬೇಕು? ಸ್ವೀಡನ್ನಿನ ಉಪ್ಸಾಲಾದಲ್ಲಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಇದಕ್ಕೆ ಬೆರಗಾಗುವಂಥ ಉತ್ತರ ಕೊಟ್ಟರು. ಒಬ್ಬ ವ್ಯಕ್ತಿಯ ಹೆಗಲು, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡುಗಳಿಗೆ ಬೆಳಕಿನ ಗುರುತು ಕಟ್ಟಿ, ಕತ್ತಲಲ್ಲಿ ನಡೆಸಿ ಚಿತ್ರೀಕರಿಸಿದರು. ತೆರೆಯ ಮೇಲೆ ಹತ್ತು ಹನ್ನೆರಡು ಚುಕ್ಕಿಗಳಷ್ಟೇ. ನಿಂತಾಗ ಅವು ಏನೆಂದೇ ಗೊತ್ತಾಗುವುದಿಲ್ಲ. ಚಲಿಸಿದ್ದೇ ತಡ, ನೋಡಿದವರು ಕ್ಷಣಾರ್ಧದಲ್ಲಿ ಹೇಳುತ್ತಾರೆ: ಯಾರೋ ನಡೆಯುತ್ತಿದ್ದಾರೆ.

ಅದಕ್ಕೂ ಹಿಂದೆ, 1944ರಲ್ಲಿ, ಅಮೆರಿಕದ ಸ್ಮಿತ್ ಕಾಲೇಜಿನ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ತಾವೇ ಒಂದು ಪುಟ್ಟ ಅನಿಮೇಶನ್ ತಯಾರಿಸಿದ್ದರು. ಅದರ ಪಾತ್ರವರ್ಗ: ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ. ನೋಡಿದ್ದನ್ನು ಬರೆಯಿರಿ ಎಂದು 34 ಜನರಿಗೆ ಹೇಳಿದಾಗ ಒಬ್ಬರು ಮಾತ್ರ ಜ್ಯಾಮಿತಿಯ ಭಾಷೆಯಲ್ಲಿ ಬರೆದರು. ಉಳಿದವರಿಗೆ ಅಲ್ಲಿ ಕಂಡದ್ದು ಬೆದರಿಸುವವನು, ಬೆದರಿದವನು, ಜಗಳ, ಬೆನ್ನಟ್ಟುವಿಕೆ. ಕಣ್ಣು, ಮೂಗು, ಬಾಯಿ ಒಂದೂ ಇಲ್ಲದ ಆಕಾರಗಳಿಗೆ ಅವರು ಮನಸ್ಸನ್ನು ಕೊಟ್ಟುಬಿಟ್ಟಿದ್ದರು.

ಈ ಎರಡು ಪ್ರಯೋಗಗಳ ಸಾರವನ್ನು ಒಬ್ಬ ಮನುಷ್ಯ ಸಿನಿಮಾ ಮಾಡಿದರೆ ಹೇಗಿರುತ್ತದೆಂದು ನೋಡಬೇಕಾದರೆ ಡಾನ್ ಹರ್ಟ್ಸ್‌ಫೆಲ್ಡ್ ಅವರ 'ಇಟ್ಸ್ ಸಚ್ ಎ ಬ್ಯೂಟಿಫುಲ್ ಡೇ' ನೋಡಬೇಕು. 2006, 2008 ಮತ್ತು 2011ರಲ್ಲಿ ಬಂದ ಮೂರು ಕಿರುಚಿತ್ರಗಳನ್ನು ಸೇರಿಸಿ 2012ರಲ್ಲಿ 62 ನಿಮಿಷದ ಪೂರ್ಣ ಚಿತ್ರವಾಯಿತು. ನಾಯಕನ ಹೆಸರು ಬಿಲ್. ಕಡ್ಡಿಯಂಥ ಕೈಕಾಲು, ಚುಕ್ಕಿಯಂಥ ಕಣ್ಣು, ತಲೆಗೊಂದು ಹ್ಯಾಟು. ನೋಟ್‌ಬುಕ್ಕಿನ ಅಂಚಿನಲ್ಲಿ ಯಾರು ಬೇಕಾದರೂ ಗೀಚಬಹುದಾದ ಆಕೃತಿ. ಅವನ ಮಿದುಳಿಗೆ ಏನೋ ಕಾಯಿಲೆ. ನೆನಪು ಕೈಕೊಡುತ್ತದೆ, ಇಲ್ಲದ್ದು ಕಾಣುತ್ತದೆ, ದಿನಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಬಿಲ್‌ನ ತಲೆ ಒಂದಿಷ್ಟು ವಾಲಿದರೆ ಸಾಕು, ಅವನಿಗೆ ಏನಾಯಿತೆಂದು ನಮಗೆ ಅರ್ಥವಾಗುತ್ತದೆ. ಅವನ ಮುಖದಲ್ಲಿ ಗೆರೆಗಳು ಕಡಿಮೆ ಇದ್ದಷ್ಟೂ ನಾವು ತುಂಬುವುದು ಹೆಚ್ಚು.

ಆ ಚಿತ್ರ ತಯಾರಾದ ಬಗೆಯನ್ನು ತುಸು ಹತ್ತಿರದಿಂದ ನೋಡೋಣ. ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲೆಡೆ ಹಬ್ಬಿದ್ದ ಕಾಲದಲ್ಲಿ ಹರ್ಟ್ಸ್‌ಫೆಲ್ಡ್ ಬಳಸಿದ್ದು 1940ರ ದಶಕದ 35 ಮಿಲಿಮೀಟರಿನ ಅನಿಮೇಶನ್ ಕ್ಯಾಮೆರಾ. ಎತ್ತರದ ಕಂಬಕ್ಕೆ ಕ್ಯಾಮೆರಾ ಕೆಳಮುಖವಾಗಿ ಕೂತಿರುತ್ತದೆ, ಕೆಳಗಿನ ಮೇಜಿನ ಮೇಲೆ ಹಾಳೆ. ಒಂದು ಹಾಳೆ ಇಟ್ಟು ಒಂದೆರಡು ಫ್ರೇಮು ತೆಗೆದು, ಹಾಳೆ ಬದಲಿಸಿ, ಮತ್ತೆ ತೆಗೆಯಬೇಕು. ಬಿಲ್‌ನ ಕಥೆಯಲ್ಲಿ ತೆರೆ ಬಹುಪಾಲು ಕಪ್ಪಾಗಿರುತ್ತದೆ. ಆ ಕತ್ತಲಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಕಿಂಡಿಗಳು, ಒಂದರಲ್ಲಿ ಬಸ್ ನಿಲ್ದಾಣವಿದ್ದರೆ ಇನ್ನೊಂದರಲ್ಲಿ ಅವನ ಮುಖ. ಇಂಥ ದೃಶ್ಯವನ್ನು ಈಗ ಕಂಪ್ಯೂಟರಿನಲ್ಲಿ ನಿಮಿಷಗಳಲ್ಲಿ ಜೋಡಿಸಬಹುದು. ಕ್ಯಾಮೆರಾದಲ್ಲೇ ಮಾಡುವುದಾದರೆ ಒಂದು ಕಿಂಡಿಯಷ್ಟು ಜಾಗ ಬಿಟ್ಟು ಉಳಿದದ್ದನ್ನು ಕಪ್ಪು ಹಾಳೆಯಿಂದ ಮುಚ್ಚಿ ಆ ದೃಶ್ಯವನ್ನು ಪೂರ್ತಿ ತೆಗೆಯಬೇಕು. ಆಮೇಲೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮೊದಲಿನ ಕಿಂಡಿ ಮುಚ್ಚಿ, ಎರಡನೆಯದನ್ನು ತೆರೆದು ಮತ್ತೆ ಮೊದಲಿಂದ ಶುರು. ನಾಲ್ಕು ಕಿಂಡಿಯಿದ್ದರೆ ಅದೇ ಫಿಲ್ಮು ನಾಲ್ಕು ಸಲ ಕ್ಯಾಮೆರಾದೊಳಗೆ ಓಡಬೇಕು. ನಾಲ್ಕನೇ ಸುತ್ತಿನಲ್ಲಿ ಕೈತಪ್ಪಿದರೆ ಮೊದಲ ಮೂರರ ಶ್ರಮವೂ ನೀರುಪಾಲು. ತಪ್ಪಿದೆಯೆಂದು ತಿಳಿಯುವುದು ಕೂಡ ಲ್ಯಾಬಿನಿಂದ ಫಿಲ್ಮು ತೊಳೆದು ಬಂದ ಮೇಲೆಯೇ.

ಇದು ಹಠಕ್ಕಾಗಿ ಮಾಡಿದ ಕಸರತ್ತಲ್ಲ. ಒಂದೊಂದು ಕಿಂಡಿಯ ಅಂಚು ಮಸುಕು, ಬೆಳಕು ಸೋರುತ್ತದೆ, ಒಂದರ ಚೂರು ಇನ್ನೊಂದಕ್ಕೆ ತಾಗುತ್ತದೆ. ಬಿಲ್‌ನ ಕಾಯಿಲೆ ಉಲ್ಬಣಿಸಿದಾಗ ಕಿಂಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬಣ್ಣ, ಗದ್ದಲಗಳಲ್ಲಿ ಮುಳುಗುತ್ತವೆ. ನೆನಪುಗಳ ನಡುವಿನ ಗೋಡೆ ಕುಸಿಯುವುದನ್ನು ಮಾತಿಲ್ಲದೆ ತೋರಿಸಲು ಹಳೆಯ ಯಂತ್ರದ ಈ ದೋಷಗಳಿಗಿಂತ ಒಳ್ಳೆಯ ಸಾಧನ ಅವರಿಗೆ ಸಿಗುತ್ತಿರಲಿಲ್ಲ.

ದನಿ ಯಾರದು, ತುಟಿ ಯಾರದು

ಅನಿಮೇಶನ್‌ನಲ್ಲಿ ಮಾತಿಗೆ ತಕ್ಕಂತೆ ತುಟಿ ಅಲುಗಿಸುವುದು ತಾಳ್ಮೆ ಬೇಡುವ ಕೆಲಸ. ಹರ್ಟ್ಸ್‌ಫೆಲ್ಡ್ ಅದನ್ನು ಪೂರ್ತಿ ಬಿಟ್ಟೇಬಿಟ್ಟರು. ಬಿಲ್‌ನ ಕಥೆಯನ್ನೆಲ್ಲ ಅವರೇ ನಿರೂಪಕರಾಗಿ ಹೇಳುತ್ತಾರೆ. ಆದರೂ ನಮಗೆ ಬಿಲ್ ಮಾತಾಡಿದಂತೆ ಅನಿಸುತ್ತದೆ. ದನಿ ಮತ್ತು ದೃಶ್ಯ ಒಟ್ಟಿಗೆ ಬಂದರೆ ಮಿದುಳು ಅವನ್ನು ಒಂದೇ ಮೂಲಕ್ಕೆ ಹಚ್ಚುತ್ತದೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಗೊಂಬೆಯ ತುಟಿ ಅಲುಗದಿದ್ದರೂ ಪರದೆಯ ಹಿಂದಿನವರ ಮಾತು ಗೊಂಬೆಯದೇ ಆಗುವುದು ಹೀಗೆ. 1976ರಲ್ಲಿ ಹ್ಯಾರಿ ಮಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಇದರ ಇನ್ನೊಂದು ಮುಖ ತೋರಿಸಿದರು: 'ಬ' ಎಂಬ ದನಿಯನ್ನು 'ಗ' ಎನ್ನುವ ತುಟಿಗಳಿಗೆ ಜೋಡಿಸಿದರೆ ಬಹಳ ಜನರಿಗೆ 'ದ' ಎಂದು ಕೇಳಿಸುತ್ತದೆ. ಕಿವಿ ಕೇಳಿದ್ದನ್ನು ಕಣ್ಣು ತಿದ್ದಿಬಿಡುತ್ತದೆ.

ದನಿಯ ಬಲವನ್ನು ಮೊದಲೇ ಕಂಡುಕೊಂಡವರು ಬ್ರೂಕ್ಲಿನ್ನಿನ ಬಡ ಬೀದಿಗಳಲ್ಲಿ ಬೆಳೆದ ರಾಲ್ಫ್ ಬಾಕ್ಷಿ. ರಾಬರ್ಟ್ ಕ್ರಂಬ್ ಅವರ ಕಾಮಿಕ್ಸ್ ಆಧರಿಸಿ ಅವರು 1972ರಲ್ಲಿ ತೆಗೆದ 'ಫ್ರಿಟ್ಸ್ ದ ಕ್ಯಾಟ್' ಅಮೆರಿಕದಲ್ಲಿ ದೊಡ್ಡವರಿಗೆ ಮಾತ್ರ ಎಂಬ ಎಕ್ಸ್ ಸರ್ಟಿಫಿಕೇಟ್ ಪಡೆದ ಮೊದಲ ಅನಿಮೇಶನ್ ಚಿತ್ರ. ಕೈಯಲ್ಲಿದ್ದ ಹಣ ಸುಮಾರು 7 ಲಕ್ಷ ಡಾಲರ್. ಪೆನ್ಸಿಲ್ ಚಿತ್ರಗಳನ್ನು ಮೊದಲು ಫಿಲ್ಮಿನಲ್ಲಿ ತೆಗೆದು ಪರೀಕ್ಷಿಸುವುದು ಸ್ಟುಡಿಯೋಗಳ ರೂಢಿ. ಅದಕ್ಕೂ ಹಣವಿಲ್ಲದೆ ಬಾಕ್ಷಿ ಹಾಳೆಗಳನ್ನು ಬೆರಳಿನಲ್ಲಿ ಪರಪರನೆ ತಿರುವಿ ಚಲನೆ ಸರಿಯಿದೆಯೇ ಎಂದು ನೋಡುತ್ತಿದ್ದರು. ಹಿನ್ನೆಲೆಗೆ ನ್ಯೂಯಾರ್ಕಿನ ಫೋಟೋಗಳ ಮೇಲೆ ಗೆರೆ ಎಳೆದು ಜಲವರ್ಣ ಹಚ್ಚಿಸಿದರು. ಬೀದಿಯಲ್ಲಿ ಜನ ಆಡುವ ಮಾತನ್ನು ಟೇಪಿನಲ್ಲಿ ಹಿಡಿದು, ಗದ್ದಲ, ತಡವರಿಕೆಗಳ ಸಮೇತ ಬಳಸಿದರು. ಬಾಲವಿರುವ ಪಾತ್ರಗಳ ಬಾಯಲ್ಲಿ ನಿಜವಾದ ಊರಿನ ಮಾತು ಬಂದಾಗ ಪ್ರೇಕ್ಷಕರು ಬಾಲವನ್ನು ಮರೆತರು. ಕ್ರಂಬ್ ಅವರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ; ತಮ್ಮ ಕಾಮಿಕ್ಸಿನಲ್ಲಿ ಫ್ರಿಟ್ಸ್‌ನನ್ನು ಸಾಯಿಸಿ ಸಿಟ್ಟು ತೀರಿಸಿಕೊಂಡರು.

ನಿನಾ ಪೇಲಿ ಒಬ್ಬರೇ ಕಂಪ್ಯೂಟರಿನಲ್ಲಿ ತಯಾರಿಸಿದ 'ಸೀತಾ ಸಿಂಗ್ಸ್ ದ ಬ್ಲೂಸ್' (2008) ಕೂಡ ಇದೇ ಜಾಡಿನದು. ಅದರಲ್ಲಿ ಮೂವರು ಭಾರತೀಯರು ಯಾವ ಸ್ಕ್ರಿಪ್ಟೂ ಇಲ್ಲದೆ ತಮಗೆ ನೆನಪಿದ್ದಷ್ಟು ರಾಮಾಯಣವನ್ನು ಒಬ್ಬರನ್ನೊಬ್ಬರು ತಿದ್ದುತ್ತ ಹೇಳುತ್ತಾರೆ. ತೆರೆಯ ಮೇಲೆ ಅವರು ನೆರಳುಗೊಂಬೆಗಳು. ಹರ್ಟ್ಸ್‌ಫೆಲ್ಡ್ ಅವರೂ ಮುಂದೆ 2015ರ 'ವರ್ಲ್ಡ್ ಆಫ್ ಟುಮಾರೋ' ಕಿರುಚಿತ್ರಕ್ಕೆ ತಮ್ಮ ನಾಲ್ಕು ವರ್ಷದ ಸೋದರಸೊಸೆ ಚಿತ್ರ ಗೀಚುತ್ತ, ಆಡುತ್ತ ಹರಟಿದ್ದನ್ನು ರೆಕಾರ್ಡ್ ಮಾಡಿ, ಆ ಮಾತುಗಳ ಸುತ್ತ ಕಥೆ ಹೆಣೆದರು.

ತೇಲುವ ಗೆರೆಗಳು

ಬಿಡಿಸುವ ಶ್ರಮ ತಪ್ಪಿಸಲು ಇನ್ನೊಂದು ಹಳೆಯ ಉಪಾಯವಿದೆ. ನಟರನ್ನು ಚಿತ್ರೀಕರಿಸಿ, ಒಂದೊಂದು ಫ್ರೇಮಿನ ಮೇಲೂ ಹಾಳೆಯಿಟ್ಟು ಗೆರೆ ಎಳೆದುಕೊಳ್ಳುವುದು. ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಪೇಟೆಂಟ್ ಪಡೆದ ಈ ರೋಟೋಸ್ಕೋಪನ್ನು ಎಂಐಟಿಯಲ್ಲಿ ಓದಿದ ಬಾಬ್ ಸ್ಯಾಬಿಸ್ಟನ್ 1990ರ ದಶಕದಲ್ಲಿ ಕಂಪ್ಯೂಟರಿಗೆ ತಂದರು. ಅವರ 'ರೋಟೋಶಾಪ್'ನಲ್ಲಿ ಕಲಾವಿದರು ಒಂದು ಫ್ರೇಮಿನಲ್ಲಿ ಹುಬ್ಬಿನ ಗೆರೆ ಎಳೆಯುತ್ತಾರೆ, ಕೆಲವು ಫ್ರೇಮು ಮುಂದೆ ಹೋಗಿ ಅದೇ ಹುಬ್ಬನ್ನು ಮತ್ತೆ ಎಳೆಯುತ್ತಾರೆ. ನಡುವಿನವನ್ನು ತಂತ್ರಾಂಶ ತುಂಬುತ್ತದೆ. ಆದರೆ ತಂತ್ರಾಂಶಕ್ಕೆ ಹುಬ್ಬಿನ ಕೆಳಗೆ ಎಲುಬಿದೆ ಎಂಬ ಅರಿವಿಲ್ಲ. ಹಾಗಾಗಿ ಗೆರೆಗಳು ಮುಖದ ಮೇಲೆ ಜಾರುತ್ತವೆ, ತೇಲುತ್ತವೆ.

ರಿಚರ್ಡ್ ಲಿಂಕ್‌ಲೇಟರ್ 2001ರ 'ವೇಕಿಂಗ್ ಲೈಫ್' ಚಿತ್ರವನ್ನು ಸಾಧಾರಣ ಡಿಜಿಟಲ್ ವಿಡಿಯೋದಲ್ಲಿ ತೆಗೆದು, ಅದರ ಮೇಲೆ ಹೀಗೆ ಬಿಡಿಸಲು ಹಲವು ಕಲಾವಿದರಿಗೆ ಕೊಟ್ಟರು. ಕನಸಿನಿಂದ ಹೊರಬರಲಾಗದ ಯುವಕನ ಕಥೆಗೆ ಆ ತೇಲಾಟ ಹೇಳಿ ಮಾಡಿಸಿದಂತಿತ್ತು. ಹೆಜ್ಜೆ, ತಲೆ ಆಡಿಸುವುದು, ಕೈಸನ್ನೆ ನಿಜವಾದ ಮನುಷ್ಯರವು; ಯೋಹಾನ್ಸನ್ನರ ಚುಕ್ಕಿಗಳಂತೆ ಅವು ನಮ್ಮನ್ನು ನಂಬಿಸುತ್ತವೆ. ಮೈಯ ಮೇಲ್ಮೈ ಮಾತ್ರ ನಂಬಿಕೆಗೆ ಅರ್ಹವಲ್ಲ. ಹಾಗೆ ನೋಡಿದರೆ ಕನಸಿನ ಲಕ್ಷಣವೂ ಅದೇ.

ಅದೇ ತಂತ್ರದಲ್ಲಿ 2006ರಲ್ಲಿ ಬಂದ 'ಎ ಸ್ಕ್ಯಾನರ್ ಡಾರ್ಕ್‌ಲಿ' ಫಿಲಿಪ್ ಕೆ. ಡಿಕ್ ಅವರ ಕಾದಂಬರಿ ಆಧಾರಿತ. ಮಾದಕ ವಸ್ತುವಿನಿಂದ ಮಿದುಳಿನ ಎರಡು ಅರೆಗಳು ಒಂದಕ್ಕೊಂದು ಸ್ಪರ್ಧೆಗಿಳಿದು, ತನ್ನ ಮೇಲೆ ತಾನೇ ಗೂಢಚರ್ಯೆ ಮಾಡುವ ಪೊಲೀಸನ ಕಥೆ. ಈ ಸಲ ಗೆರೆ ಹೆಚ್ಚು ನಿಖರವಾಗಿರಬೇಕಿತ್ತು. ಒಂದು ನಿಮಿಷದ ಚಿತ್ರಕ್ಕೆ ಸುಮಾರು 500 ಗಂಟೆಗಳ ಕೆಲಸ ಹಿಡಿಯಿತು, ಗಡುವು ದಾಟಿತು, ತಂಡದಲ್ಲಿ ಬಿರುಕೂ ಮೂಡಿತು. ಕಂಪ್ಯೂಟರ್ ಬಂದರೆ ಕೆಲಸ ಹಗುರ ಎಂಬ ಮಾತು ಅನಿಮೇಶನ್‌ನಲ್ಲಿ ಅರ್ಧ ಮಾತ್ರ ನಿಜ.

ಎಲ್ಲರದೂ ಒಂದೇ ಮುಖ

ಮುಖ ಗುರುತಿಸಲು ಮಿದುಳಿನ ಅಡಿಭಾಗದಲ್ಲಿ ಪ್ರತ್ಯೇಕ ವಲಯವೊಂದಿದೆ. 1997ರಲ್ಲಿ ನ್ಯಾನ್ಸಿ ಕನ್‌ವಿಶರ್ ಮತ್ತು ಸಂಗಡಿಗರು ಅದನ್ನು ಮಿದುಳಿನ ಸ್ಕ್ಯಾನಿನಲ್ಲಿ ಗುರುತಿಸಿ ವಿವರಿಸಿದರು. ಮುಖದ ವಿಷಯದಲ್ಲಿ ನಾವು ಬಹಳ ಚೌಕಾಸಿ ಮಾಡುತ್ತೇವೆ. ಕಡ್ಡಿಗೊಂಬೆಯನ್ನು ಒಪ್ಪುತ್ತೇವೆ, ಮನುಷ್ಯನನ್ನು ಒಪ್ಪುತ್ತೇವೆ. ಆದರೆ ಹೆಚ್ಚುಕಡಿಮೆ ಮನುಷ್ಯನಂತಿದ್ದು ಪೂರ್ತಿ ಆಗದ ಮುಖ ಎದುರಾದರೆ ಮೈ ಜುಮ್ಮೆನ್ನುತ್ತದೆ. ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ರೋಬೋಟುಗಳ ಸಂದರ್ಭದಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು.

ಚಾರ್ಲಿ ಕಾಫ್‌ಮನ್ ಮತ್ತು ಡ್ಯೂಕ್ ಜಾನ್ಸನ್ 2015ರ 'ಅನೋಮಲಿಸಾ'ದಲ್ಲಿ ಆ ಎಚ್ಚರಿಕೆಯನ್ನು ಬೇಕೆಂದೇ ಮೀರಿದರು. ಸ್ಟುಡಿಯೋಗಳ ಹಂಗು ಬೇಡವೆಂದು ಅವರು ಕಿಕ್‌ಸ್ಟಾರ್ಟರಿನಲ್ಲಿ ಸಾರ್ವಜನಿಕರಿಂದ 4 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹಿಸಿ ಕೆಲಸ ಶುರು ಮಾಡಿದ್ದರು. ಪಾತ್ರಗಳೆಲ್ಲ ಗೊಂಬೆಗಳು. ಮುಖಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಹಣೆ ಮತ್ತು ಕೆನ್ನೆ–ಬಾಯಿ ಎಂದು ಎರಡು ಭಾಗವಾಗಿ ತಯಾರಿಸುತ್ತಾರೆ. ಭಾವ ಬದಲಾದಂತೆ ತುಂಡು ಬದಲಿಸಿ ಒಂದೊಂದು ಫ್ರೇಮು ತೆಗೆಯುತ್ತಾರೆ. ಕಣ್ಣಿನ ಮಟ್ಟದಲ್ಲಿ ಎರಡು ತುಂಡು ಕೂಡುವಲ್ಲಿ ಸೀಳುಗೆರೆ ಉಳಿಯುತ್ತದೆ. ಇಂಥ ಗೆರೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುವುದು ವಾಡಿಕೆ. ಇವರು ಅಳಿಸಲಿಲ್ಲ. ಗೊಂಬೆ ಎಂದು ಒಪ್ಪಿಕೊಂಡ ಮುಖ ನಮ್ಮನ್ನು ಬೆದರಿಸಲಿಲ್ಲ.

ಅದಕ್ಕಿಂತ ಜಾಣತನ ಇನ್ನೊಂದಿದೆ. ಭಾಷಣಕ್ಕೆಂದು ಸಿನ್ಸಿನಾಟಿಗೆ ಬಂದ ನಾಯಕ ಮೈಕಲ್‌ಗೆ ಹೆಂಡತಿ, ಮಗ, ಟ್ಯಾಕ್ಸಿ ಚಾಲಕ, ಹೋಟೆಲಿನ ಸಿಬ್ಬಂದಿ ಎಲ್ಲರದೂ ಒಂದೇ ಮುಖ, ಒಂದೇ ದನಿ. ಟಾಮ್ ನೂನನ್ ಎಂಬ ಒಬ್ಬ ನಟನೇ ಅವರಷ್ಟೂ ಜನರಿಗೆ ಕಂಠ ಕೊಟ್ಟಿದ್ದಾರೆ. ಲೀಸಾ ಎಂಬ ಹೆಣ್ಣಿನ ದನಿ ಮಾತ್ರ ಬೇರೆ. ಹೋಟೆಲಿನ ಹೆಸರು ಫ್ರೆಗೋಲಿ. 1927ರಲ್ಲಿ ಫ್ರಾನ್ಸಿನ ಕೂರ್ಬೋನ್ ಮತ್ತು ಫಾಯ್ ಎಂಬ ವೈದ್ಯರು ವರ್ಣಿಸಿದ ಭ್ರಮೆಯೊಂದರ ಹೆಸರೂ ಅದೇ. ಆ ರೋಗಿಗಳಿಗೆ ಎದುರಾಗುವ ಹಲವರು ವೇಷ ಬದಲಿಸಿದ ಒಬ್ಬನೇ ವ್ಯಕ್ತಿ ಎಂಬ ಅಚಲ ನಂಬಿಕೆ. ಒಂದೇ ಮುಖದ ಅಚ್ಚು ಎಲ್ಲರಿಗೂ ಸಾಕು ಎಂಬುದು ಗೊಂಬೆ ಮಾಡುವವರಿಗೆ ಉಳಿತಾಯ. ಇಲ್ಲಿ ಅದೇ ಕಥೆಯ ತಿರುಳು. ನಟರನ್ನಿಟ್ಟು ಇದನ್ನು ಇಷ್ಟು ಸಹಜವಾಗಿ ತೋರಿಸಲಾಗದು.

ನೆನಪೂ ಒಂದು ಅನಿಮೇಶನ್

ಇಸ್ರೇಲಿನ ಆರಿ ಫೋಲ್ಮನ್ 2008ರಲ್ಲಿ ತೆಗೆದ 'ವಾಲ್ಟ್ಸ್ ವಿತ್ ಬಶೀರ್' ಸಾಕ್ಷ್ಯಚಿತ್ರ. ಆದರೆ ಬಹುತೇಕ ಪೂರ್ತಿ ಅನಿಮೇಶನ್. 1982ರ ಲೆಬನಾನ್ ಯುದ್ಧದಲ್ಲಿ ಸೈನಿಕರಾಗಿದ್ದ ಅವರಿಗೆ ಅಲ್ಲಿನ ಒಂದು ಭಾಗ ನೆನಪಿನಿಂದಲೇ ಅಳಿಸಿಹೋಗಿತ್ತು. ಹಳೆಯ ಸಂಗಾತಿಗಳನ್ನು ಕೇಳುತ್ತ ಅದನ್ನು ಹುಡುಕುವುದೇ ಚಿತ್ರ. ನೋಡಿದವರು ಇದನ್ನು ರೋಟೋಸ್ಕೋಪ್ ಎಂದುಕೊಳ್ಳುವುದುಂಟು, ಅಲ್ಲ. ವಿಡಿಯೋ ಸಂದರ್ಶನಗಳನ್ನು ನೋಡಿ ಹೊಸದಾಗಿ ಬಿಡಿಸಿದ ಆಕೃತಿಗಳನ್ನು ತುಂಡು ತುಂಡಾಗಿ ವಿಂಗಡಿಸಿ, ಕಂಪ್ಯೂಟರಿನಲ್ಲಿ ಕೀಲುಗೊಂಬೆಯ ಹಾಗೆ ಆಡಿಸಿದ್ದಾರೆ. ಈ ವಿಧಾನದಲ್ಲಿ ನಡಿಗೆ ನಿಧಾನವಾಗುತ್ತದೆ, ಮೈ ನೀರಲ್ಲಿದ್ದಂತೆ ಸಾಗುತ್ತದೆ.

ಚಿತ್ರದಲ್ಲಿ ಗೆಳೆಯನೊಬ್ಬ, ಬಾಲ್ಯದಲ್ಲಿ ಹೋಗಿರದ ಜಾತ್ರೆಯ ನಕಲಿ ಫೋಟೋ ತೋರಿಸಿದರೆ ಜನ ಅದನ್ನು ನೆನಪಿಸಿಕೊಳ್ಳುವ ಪ್ರಯೋಗದ ಬಗ್ಗೆ ಹೇಳುತ್ತಾನೆ. ಇಂಥದ್ದು ನಿಜಕ್ಕೂ ನಡೆದಿದೆ. 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರಿಗೆ, ಅವರು ಮಗುವಾಗಿದ್ದಾಗ ಬಿಸಿಗಾಳಿ ಬಲೂನಿನಲ್ಲಿ ಕೂತಂತೆ ತಿದ್ದಿದ ಫೋಟೋ ತೋರಿಸಿದರು. ಮತ್ತೆ ಮತ್ತೆ ಕೇಳಿದ ಮೇಲೆ ಅರ್ಧದಷ್ಟು ಜನ ಎಂದೂ ನಡೆಯದ ಆ ಪಯಣವನ್ನು ವಿವರಿಸತೊಡಗಿದರು. ಎರಡು ಗೆರೆಗಳ ನಡುವೆ ಚಲನೆ ತುಂಬುವ ಮಿದುಳು ಎರಡು ನೆನಪುಗಳ ನಡುವೆ ಘಟನೆಯನ್ನೂ ತುಂಬುತ್ತದೆ. ಅದಕ್ಕೇ ಫೋಲ್ಮನ್ ಕೊನೆಯ ನಿಮಿಷಗಳಲ್ಲಿ ಬಿಡಿಸಿದ ಚಿತ್ರವನ್ನು ನಿಲ್ಲಿಸಿ, ಅದೇ ಯುದ್ಧಕಾಲದ ಸಬ್ರಾ–ಶತೀಲಾ ಹತ್ಯಾಕಾಂಡದ ನಂತರದ ನಿಜವಾದ ವಿಡಿಯೋ ಇಟ್ಟರು. ತುಂಬಿಕೊಳ್ಳುವ ಸ್ವಾತಂತ್ರ್ಯವನ್ನು ಅಲ್ಲಿ ಪ್ರೇಕ್ಷಕರಿಂದ ಕಿತ್ತುಕೊಂಡರು. ಯಾವುದನ್ನು ಬಿಡಬಹುದು ಎಂದು ಬಲ್ಲವರಿಗೆ ಯಾವುದನ್ನು ಬಿಡಬಾರದು ಎಂಬುದೂ ಗೊತ್ತಿರುತ್ತದೆ.

ಇಲ್ಲಿ ಹೆಸರಿಸಿದ ಯಾವ ಚಿತ್ರವೂ ಡಿಸ್ನಿಯ ನುಣುಪಿಗೆ ಸಮನಲ್ಲ, ಅದನ್ನು ಬಯಸಿದ್ದೂ ಅಲ್ಲ. ಹಣವಿಲ್ಲದ್ದಕ್ಕೆ ಬಿಟ್ಟ ಜಾಗವೇ ಇವುಗಳಲ್ಲಿ ಕಥೆ ಹೇಳುವ ಜಾಗವಾಯಿತು. ಸಾಧನಗಳ ಕೊರತೆ ಈಗ ಮೊದಲಿನಷ್ಟಿಲ್ಲ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ 'ಬ್ಲೆಂಡರ್' ತಂತ್ರಾಂಶದಲ್ಲಿ ತಯಾರಾದ ಲಾಟ್ವಿಯಾದ 'ಫ್ಲೋ' ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಕೊರತೆಯಿರುವುದು ಪ್ರೇಕ್ಷಕರದು. 'ಕಾರ್ಟೂನ್ ತಾನೇ' ಎಂದು ಮಕ್ಕಳ ಮುಂದಿಟ್ಟು ಏಳುವ ಅಭ್ಯಾಸ ನಮ್ಮಿಂದ ಇನ್ನೂ ಹೋಗಿಲ್ಲ. ಪೇಲಿಯವರು 'ಸೀತಾ ಸಿಂಗ್ಸ್ ದ ಬ್ಲೂಸ್' ಚಿತ್ರದ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದಾರೆ, ಯಾರಿಗೂ ಕಾಸು ಕೊಡದೆ ನೋಡಬಹುದು. ಅಲ್ಲಿಂದ ಶುರು ಮಾಡಿ. ಬಿಲ್‌ನ ಕಥೆಗೆ ಒಂದು ಗಂಟೆ, ಎರಡು ನಿಮಿಷ ಸಾಕು. ಮಕ್ಕಳನ್ನು ಮಲಗಿಸಿದ ಮೇಲೆ ನೋಡಿ.